ಮೂರನೆಯ ಕಚ್ಚು

ಸೇನೆಯವರು ಕೈಬಿಟ್ಟ ಜೀಪನ್ನು ಹರಾಜಿನಲ್ಲಿ ಹಿಡಿದು ಮನೆಗೆ ತಂದ ದಿನವೇ ನನ್ನ ಹೆಂಡತಿ ಅದಕ್ಕೆ 'ಸವತಿ' ಎಂದು ಹೆಸರಿಟ್ಟಳು. "ಇಪ್ಪತ್ತೆಂಟು ವರ್ಷ ಕಾಡುಮೇಡು ಅಲೆದವಳು. ನಿನ್ನ ಮಾತು ಕೇಳ್ತಾಳೆ ಅಂದ್ಕೊಂಡಿದೀಯಾ?" ಎಂದಿದ್ದಳು. ಮೂರು ತಿಂಗಳಲ್ಲಿ ಸವತಿಯರಿಬ್ಬರೂ ಒಂದಾದರು. ಈಗ ಅವಳು ನನಗಿಂತ ಚೆನ್ನಾಗಿ ಓಡಿಸುತ್ತಾಳೆ.

ಅವಳ ಕೆಲಸ ನೀರಿನ ಪರೀಕ್ಷೆ. ಗುಡ್ಡದ ನೆತ್ತಿಯ ಮೇಲಿರುವ ಟ್ಯಾಂಕಿನಿಂದ ತಿಂಗಳಿಗೊಮ್ಮೆ ಬಾಟಲಿಗಳಿಗೆ ನೀರು ತುಂಬಿಸಿ ತರಬೇಕು. ಅಂದು ಇಲಾಖೆಯ ವಾಹನ ಕೆಟ್ಟಿದ್ದರಿಂದ ಸವತಿಯನ್ನೇ ತೆಗೆದುಕೊಂಡು ಹೋದಳು. ಮಾವನವರೂ ಕುಣಿಯುತ್ತಾ ಹತ್ತಿದರು. "ಅಳಿಯಂದಿರೇ, ಹುಟ್ಟಿದ ಮೇಲೆ ಒಂದು ಸಲವಾದರೂ ದಂಡಿನ ಗಾಡಿ ಹತ್ತಬೇಕು" ಎಂದು ನನಗೊಂದು ಸೆಲ್ಯೂಟ್ ಹೊಡೆದರು.

ನಾನು ತೂಕದ ಕಲ್ಲುಗಳನ್ನು ಪರಿಶೀಲಿಸುವ ಪ್ರಯೋಗಾಲಯದಲ್ಲಿದ್ದೇನೆ. ಹನ್ನೊಂದು ಗಂಟೆಯ ಹೊತ್ತಿಗೆ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ನಿಲ್ಲುವುದನ್ನೇ ಕಾಯುತ್ತಿದ್ದಾಗ, ಫೋನು ಅದುರಿತು. ಸವತಿಯ ಎಣ್ಣೆ ಬದಲಿಸುವ ಮೆಕ್ಯಾನಿಕ್. ಮಾತಿನಲ್ಲಿ ಒರಟ, ಕೈಯಲ್ಲಿ ನಿಪುಣ.

"ಸಾರ್, ಹೋದ ವಾರ ನಿಮ್ಮ ಗಾಡಿ ನಾಲ್ಕು ಚಕ್ರಕ್ಕೂ ಓಟ ಕೊಡೋ ಸಣ್ಣ ಗೇರ್‌ಬಾಕ್ಸ್ ನಂಬರು ಬರ್ಕೊಂಡಿದ್ನಲ್ಲ. ಅದು ನಿಮ್ಮ ಗಾಡಿದೇ ಅಲ್ಲ. ಮಿಲಿಟರಿಯೋರು ಯಾವಾಗಲೋ ಬೇರೆದು ಕೂರಿಸಿದಾರೆ."

"ಅದರಿಂದ ಏನು?"

"ಏನಿಲ್ಲ. ಇದರಲ್ಲಿ ಲಿವರ್ ಕೂರೋ ಕಚ್ಚು ಮೂರಲ್ಲ, ನಾಲ್ಕು. ಮೂರನೇದು ನ್ಯೂಟ್ರಲ್. ಇಳಿಜಾರಿಗೆ ಲೋ ಗೇರ್ ಬೇಕಾದರೆ ಲಿವರ್ ಒತ್ತಿ ಇನ್ನೂ ಹಿಂದಕ್ಕೆ ಎಳೀಬೇಕು. ನಿಮಗೆ ಗೊತ್ತೇ ಇರುತ್ತೆ ಬಿಡಿ, ನೀವು ಓದಿದೋರು."

ನನಗೆ ಗೊತ್ತಿರಲಿಲ್ಲ. ಲಿವರಿನ ಪಕ್ಕದ ತಗಡಿನ ಮೇಲೆ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಕೈಪಿಡಿ ತೆರೆದಿಟ್ಟುಕೊಂಡು, ಸಣ್ಣ ಕುಂಚದಿಂದ, ಬಿಳಿ ಬಣ್ಣದಲ್ಲಿ, ನಾನೇ ಬರೆದಿದ್ದೆ. ಮೊದಲ ಕಚ್ಚು: ಎರಡು ಚಕ್ರ. ಎರಡನೆಯದು: ನಾಲ್ಕು ಚಕ್ರ. ಮೂರನೆಯದು: ಲೋ. ಕೈಪಿಡಿ ಆ ಮಾದರಿಯದೇ ಆಗಿತ್ತು. ಗಾಡಿಯ ಒಳಗಿದ್ದದ್ದು ಬೇರೆಯಾಗಿತ್ತು. ಲೋ ಹಾಕಿ ಓಡಿಸುವಂಥ ದಾರಿ ನನಗೆ ಸಿಕ್ಕಿರಲಿಲ್ಲ. ಗ್ರಾಂನ ಸಾವಿರದಲ್ಲೊಂದು ಭಾಗವನ್ನೂ ಮೂರು ಸಲ ತೂಗದೆ ಬರೆಯದ ನಾನು, ಅದೊಂದನ್ನು ತೂಗದೆ ಬರೆದಿದ್ದೆ.

ಅಷ್ಟೇ ಆಗಿದ್ದರೆ ಸರಿ. ಇಳಿಜಾರಿನ ಪಾಠವನ್ನೂ ನಾನೇ ಮಾಡಿದ್ದೆ. "ನೆತ್ತಿಯಲ್ಲಿ ಗಾಡಿ ನಿಲ್ಲಿಸು. ಲೋ ಹಾಕು. ಆಮೇಲೆ ಬ್ರೇಕ್ ಮುಟ್ಟಬೇಡ, ಎಂಜಿನ್ನೇ ಹಿಡಿದುಕೊಳ್ಳುತ್ತೆ."

ನ್ಯೂಟ್ರಲಿನಲ್ಲಿ ಎಂಜಿನ್ನು ಯಾವುದನ್ನೂ ಹಿಡಿಯುವುದಿಲ್ಲ. ಚಕ್ರಗಳಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಸಮತಟ್ಟಾದ ನೆಲವಾದರೆ ಗಾಡಿ ಕದಲುವುದಿಲ್ಲ, ತಪ್ಪು ತಕ್ಷಣ ತಿಳಿಯುತ್ತದೆ. ಇಳಿಜಾರಿನಲ್ಲಿ ಕದಲುತ್ತದೆ. ಮೊದಲು ಮೆಲ್ಲಗೆ, ಎಲ್ಲವೂ ಸರಿಯಿದೆ ಎನ್ನುವ ಹಾಗೆ.

ಅವಳಿಗೆ ಫೋನು ಮಾಡಿದೆ. ಗುಡ್ಡದ ಮೇಲೆ ಸಿಗ್ನಲ್ ಇರುವುದಿಲ್ಲ. ಮಾವನವರದು ಮನೆಯಲ್ಲೇ ಇರುತ್ತದೆ. ಪಕ್ಕದ ಮೇಜಿನವನ ಸ್ಕೂಟರಿನ ಕೀಲಿ ಕಿತ್ತುಕೊಂಡೆ. "ಏನಾಯ್ತೋ? ಮುಖ ಸುಣ್ಣ ಬಳಿದ ಹಾಗಿದೆ" ಎಂದವನನ್ನು ದಾಟಿ ಹೊರಗೋಡಿದೆ.

ಊರು ದಾಟಲು ಹದಿಮೂರು ನಿಮಿಷ. ಬೇಡವೆಂದರೂ ತಲೆ ಲೆಕ್ಕ ಹಾಕುತ್ತಲೇ ಇತ್ತು. ದಾರಿ ಮೂರು ಕಿಲೋಮೀಟರು, ಗಾಡಿ ಎರಡು ಟನ್ನು, ತಿರುವು ಒಂಬತ್ತು. ಐದನೆಯ ತಿರುವಿಗೆ ತಡೆಗೋಡೆ ಇಲ್ಲ. ಅವಳು ಹನ್ನೊಂದಕ್ಕೆ ನೆತ್ತಿ ಬಿಟ್ಟಿದ್ದರೆ? ಹನ್ನೊಂದೂಕಾಲಿಗೆ? ನಾನು ಹುಟ್ಟಿನಿಂದ ನಾಸ್ತಿಕ. ಆದರೂ "ಇನ್ನೂ ಬಾಟಲಿ ತೊಳೀತಿರಲಿ, ಇನ್ನೂ ತೊಳೀತಿರಲಿ" ಎಂದು ಯಾರಿಗೋ ಹೇಳುತ್ತಿದ್ದೆ.

ಗುಡ್ಡ ಹತ್ತುವಾಗ ಎರಡನೆಯ ತಿರುವಿನಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲೂ. ಏನೂ ಇಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ನಾಲ್ಕನೆಯದಕ್ಕೆ ಮೊದಲೇ ವಾಸನೆ ಬಂತು, ಕೂದಲು ಸುಟ್ಟ ಹಾಗೆ. ಕಾದ ಬ್ರೇಕಿನ ವಾಸನೆ. ಐದನೆಯ ತಿರುವಿನ ಮಣ್ಣಿನಲ್ಲಿ ಟೈರಿನ ಗುರುತು ಅಂಚಿನವರೆಗೆ ಹೋಗಿತ್ತು. ಸ್ಕೂಟರು ಬಿಟ್ಟು ಅಲ್ಲಿಗೆ ಓಡಿದೆ. ಕೆಳಗೆ ನೋಡಲು ನನ್ನ ಕುತ್ತಿಗೆ ಬಗ್ಗಲಿಲ್ಲ. ಕಷ್ಟಪಟ್ಟು ಬಗ್ಗಿಸಿದೆ. ಪೊದೆ, ಬಂಡೆ, ಬಿಸಿಲು. ಮತ್ತೇನೂ ಇಲ್ಲ. ಗುರುತು ಅಂಚಿನಿಂದ ಒಂದು ಮೊಳ ಈಚೆಗೆ ಹೊರಳಿ ಮತ್ತೆ ರಸ್ತೆಗೆ ಸೇರಿತ್ತು. ಇಳಿದು ಬರುವಾಗ ಬಿದ್ದ ಗುರುತು. ಹಾಗಾದರೆ ನಾನು ಅವರನ್ನು ದಾಟಿ ಬಂದಿದ್ದೆ.

"ಏಯ್!" ಎಂದು ಕೆಳಗಿನಿಂದ ಯಾರೋ ಕೂಗಿದರು.

ನಾಲ್ಕನೆಯ ತಿರುವಿನ ಒಳಮಗ್ಗುಲಲ್ಲಿ, ರಸ್ತೆ ರಿಪೇರಿಗೆಂದು ಸುರಿದ ಜಲ್ಲಿಯ ಗುಡ್ಡೆಯಲ್ಲಿ ಜೀಪು ಮೂತಿ ಹುದುಗಿಸಿ ನಿಂತಿತ್ತು. ಹಸಿರು ಗಾಡಿ, ಹಸಿರು ಪೊದೆ. ಪಕ್ಕದಲ್ಲೇ ಬಂದರೂ ನನಗೆ ಕಂಡಿರಲಿಲ್ಲ. ಮಾವನವರು ಕಲ್ಲಿನ ಮೇಲೆ ಕೂತು ಹಣೆಗೆ ಕರವಸ್ತ್ರ ಒತ್ತಿಕೊಂಡಿದ್ದರು. ಅವಳು ಬಾಟಲಿಗಳ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದಳು. ಪೆಟ್ಟಿಗೆಯೊಳಗೆ ಬಾಟಲಿಗಳು ಕಿಣಿಕಿಣಿ ಎನ್ನುತ್ತಿದ್ದವು.

"ನಂದೇ ತಪ್ಪು" ಎಂದಳು. "ಲೋ ಹಾಕಿದೆ ಅಂದ್ಕೊಂಡೆ. ಏನು ಹಾಕಿದ್ನೋ. ಬ್ರೇಕ್ ಮುಟ್ಟಬೇಡ ಅಂದಿದ್ಯಲ್ಲ, ಎಷ್ಟೋ ದೂರ ಮುಟ್ಟಲೇ ಇಲ್ಲ. ಆಮೇಲೆ ತುಳಿದರೆ ಕಾಲು ಬೆಣ್ಣೇಲಿ ಹೋದ ಹಾಗೆ ಹೋಯ್ತು."

"ಗಂಡ ಮುತ್ತು ಪೋಣಿಸಿದ ಹಾಗೆ ಬರೆದಿಟ್ಟಿದಾನೆ" ಎಂದು ಮಾವನವರು ರೇಗಿದರು. "ಮೂರು ಸಾಲು ಓದಕ್ಕೆ ಬರಲ್ವೇನೇ ನಿನಗೆ? ನನ್ನನ್ನೂ ನಿನ್ನ ಜೊತೆಗೇ ಮೇಲಕ್ಕೆ ಕರ್ಕೊಂಡು ಹೋಗ್ತಿದ್ದೆ."

ಅವಳು ತಲೆ ತಗ್ಗಿಸಿದಳು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅಪ್ಪನ ಮಾತಿಗೆ ಅವಳು ತಿರುಗಿ ಹೇಳದೆ ಇದ್ದದ್ದನ್ನು ನಾನು ನೋಡಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಬಣ್ಣ ಒಣಗಿತ್ತು, ಮೆಕ್ಯಾನಿಕ್ ದೂರದಲ್ಲಿದ್ದ, ತಪ್ಪನ್ನು ಅವಳೇ ಹೊತ್ತುಕೊಂಡಿದ್ದಳು. ಒಂದೆರಡು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದದ್ದೂ ನಿಜ. ಐದನೆಯ ತಿರುವಿನ ಅಂಚಿಗಿಂತ ನನಗೆ ಈಗ ಆ ಎರಡು ಉಸಿರಿನದೇ ಹೆಚ್ಚು ಭಯ.

"ಅವಳು ಸರಿಯಾಗೇ ಓದಿದಾಳೆ ಮಾವ" ಎಂದೆ. "ನಾನೇ ತಪ್ಪು ಬರೆದಿದ್ದೆ."

ಎಲ್ಲವನ್ನೂ ಹೇಳಿದೆ. ಅವಳು ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಹೋಗಿ ಲಿವರನ್ನು ಒತ್ತಿ ಹಿಂದಕ್ಕೆ ಎಳೆದಳು. ಕಟ್ ಎಂದು ನಾಲ್ಕನೆಯ ಕಚ್ಚಿಗೆ ಬಿತ್ತು.

ಬ್ರೇಕು ತಣ್ಣಗಾಗಲೆಂದು ಒಂದು ಗಂಟೆ ಕಾದೆವು. ಜಲ್ಲಿಯಿಂದ ಹಿಂದಕ್ಕೆ ತೆಗೆದು ಹತ್ತು ಅಡಿ ಇಳಿಸಿ ನೋಡಿದಳು. ಎಂಜಿನ್ನು ಗೊರಗೊರ ಎನ್ನುತ್ತಾ ಗಾಡಿಯನ್ನು ಹಿಡಿದುಕೊಂಡಿತು. "ನಾನು ಓಡಿಸಲಾ?" ಎಂದೆ. "ಬೇಡ. ಸ್ಕೂಟರು ಆಮೇಲೆ ತರೋಣ, ಹಿಂದೆ ಕೂತ್ಕೋ."

ನಡಿಗೆಯ ವೇಗದಲ್ಲಿ ಇಳಿಯುತ್ತಿದ್ದೆವು. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಮನೇಲಿ ಇನ್ನೇನೇನು ಬರೆದಿದೀಯ?"

ನೆನಪಿಸಿಕೊಂಡೆ. "ಮೇನ್ ಸ್ವಿಚ್ಚಿನ ಡಬ್ಬಿ. ಗ್ಯಾಸಿನ ವಾಲ್ವುಗಳು. ಮಾವನ ಮಾತ್ರೆಗಳು, ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಅಂತ."

"ಡಾಕ್ಟರ ಚೀಟಿ ನೋಡ್ಕೊಂಡು ಬರೆದ್ಯಾ, ನೆನಪಿನ ಮೇಲೆ ಬರೆದ್ಯಾ?"

ಮಾವನವರ ತಲೆ ಮೆಲ್ಲಗೆ ನನ್ನ ಕಡೆ ತಿರುಗಿತು. "ಮನೆಗೆ ಹೋದ ಕೂಡಲೇ ಚೀಟಿ ತೆಗೀರಿ, ಮಾವ" ಎಂದೆ.