ಟವೆಲಿನಡಿಯ ಮೂರನೇ ಕೈ

ಗುರುಪಾದಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಇದ್ದದ್ದು ಒಂದು ಕೆಂಪು ಟವೆಲು ಮತ್ತು ಬಲಗೈ. ದನದ ಸಂತೆಯಲ್ಲಿ ಅವನು ದಲ್ಲಾಳಿ. ಕೊಳ್ಳುವವನ ಕೈಯನ್ನು ಟವೆಲಿನಡಿ ಹಿಡಿದು, ಬಾಯಿ ಬಿಡದೆ, ಬೆರಳು ಅದುಮಿ ಬೆಲೆ ಹೇಳುತ್ತಿದ್ದ. ಅವನ ಮನೆಯ ಒಲೆ ಉರಿಯುತ್ತಿದ್ದುದು ಆ ಕೈಯಿಂದ.

ಆ ವರ್ಷ ಸಂತೆ ಸಮಿತಿ ಒಂದು ವೆಬ್ ಆ್ಯಪ್ ಮಾಡಿಸಿತು. ಬರೆದವನು ನಾನು. ಕೊಳ್ಳುವವನು ಎತ್ತಿನ ಚಿತ್ರದ ಕೆಳಗೆ ‘ಹಿಡಿದೆ’ ಎಂದು ಒತ್ತಿದರೆ ಸುದ್ದಿ ಎಲ್ಲೋ ದೂರದ ಕ್ಲೌಡ್ ಡೇಟಾಬೇಸಿಗೆ ಹೋಗಿ, ಒಪ್ಪಿಗೆಯಾಗಿ ಮರಳಬೇಕು. ಆಮೇಲೆ ಪರದೆ ಹಸಿರಾಗಬೇಕು; ಹಸಿರಾದರೆ ಎತ್ತು ಅವನದು. ಮೈದಾನದಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿತ್ತು. ಮೊದಲ ವಾರ ಎಲ್ಲರ ಫೋನಿನಲ್ಲೂ ಚಕ್ರ ಸುತ್ತುತ್ತಲೇ ಇತ್ತು.

“ಸಾಹೇಬ್ರ, ಎತ್ತು ಕೇಳಿದ್ರ ಗಾಣ ಕೊಟ್ಟೀರಲ್ಲ!” ಎಂದು ಯಾರೋ ಕೂಗಿದ. ಸಂತೆ ನಕ್ಕಿತು.

ಮುಂದಿನ ವಾರ ಚಕ್ರ ಇರಲಿಲ್ಲ. ಒತ್ತಿದ ಕೂಡಲೇ ಹಸಿರು. ಜನ ಬೆನ್ನು ತಟ್ಟಿದರು. ಗುರುಪಾದಪ್ಪ ಮಾತ್ರ ಕೇಳಿದ: “ಇಬ್ರು ಒಮ್ಮೆಲೆ ಒತ್ತಿದ್ರ?”

“ಹಂಗೆಲ್ಲ ಆಗೂದಿಲ್ಲ ಬಿಡು, ಕಾಕಾ,” ಎಂದೆ.

“ಟವೆಲ್‌ನ್ಯಾಗ ಎರಡ ಕೈ ಹಿಡಸ್ತಾವು ತಮ್ಮಾ. ಮೂರನೇದು ಬರಾಕ ಜಾಗಾ ಇಲ್ಲ.”

ಮಂಗಳವಾರ ಒಂದು ಬಿಳಿ ಹೋರಿಗಾಗಿ ಈರಗೊಂಡ ಪಶ್ಚಿಮದ ಬಾಗಿಲಲ್ಲಿ ಒತ್ತಿದ. ಬಾಳಪ್ಪ ನೀರಿನ ತೊಟ್ಟಿಯ ಬಳಿ ಒತ್ತಿದ. ಇಬ್ಬರಿಗೂ ಹಸಿರು ಬಂತು. ಬಾಳಪ್ಪ ಹೋರಿಯ ಹತ್ತಿರ ಬರುವಷ್ಟರಲ್ಲಿ ಈರಗೊಂಡ ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಂಡಿದ್ದ.

“ಹಗ್ಗಾ ಬಿಡಲೇ. ಹಸರ ಕಾಣವಲ್ದೇನ?” ಎಂದ ಬಾಳಪ್ಪ.

“ನಂದೇನ ಕುರುಡೇನಲೇ? ನಂದೂ ಹಸರ!”

ಅಷ್ಟರಲ್ಲಿ ಬಾಳಪ್ಪನ ಫೋನು ಅವನ ಕೈಯಲ್ಲೇ ಕೆಂಪಾಯಿತು.

“ಕಣ್ಮುಂದ ಕಸಕೊಂಡ್ರಲ್ಲೋ!” ಎನ್ನುತ್ತ ಅವನು ಮುನ್ನುಗ್ಗಿದ. ಈರಗೊಂಡನ ಬಡಿಗೆ ಅವನ ಬಾಯಿಗೆ ಬಿತ್ತು. ಹಲ್ಲು ಉದುರಿ ಸಗಣಿಯಲ್ಲಿ ಬಿದ್ದವು. ಎರಡೂ ಕಡೆಯವರು ಬಡಿಗೆ ಹಿಡಿದು ಬಂದರು. ಒಬ್ಬನ ತಲೆಯನ್ನು ಇನ್ನೊಬ್ಬ ಗೂಟಕ್ಕೆ ಬಡಿಯುತ್ತಿದ್ದುದನ್ನು ಕಂಡೆ. ಗುರುಪಾದಪ್ಪ ನಡುವೆ ನುಗ್ಗಿ ಬಲಗೈಯಿಂದ ಹಗ್ಗ ಹಿಡಿದ. “ನಿಲ್ರೋ! ಹೋರಿ ನನ್ನ ಕೈಯಾಗ ಐತಿ, ನಿಲ್ರಿ!” ಎಂದ. ಬಾಳಪ್ಪ ಪಕ್ಕದವನಿಂದ ಕೊಂಬು ಹೆರೆಯುವ ಕತ್ತಿ ಕಸಿದು ಹಗ್ಗಕ್ಕೆ ಬೀಸಿದ. ಹಗ್ಗ ತುಂಡಾಗಲಿಲ್ಲ.

ನೆಟ್‌ವರ್ಕಿನ ತಪ್ಪು ಎಂದು ಸಮಿತಿಗೆ ಹೇಳಿದೆ. ನಂಬಿದರು. ನಾನು ಮಾಡಿದ್ದು ಇಷ್ಟೇ: ಕ್ಲೌಡ್ ಒಪ್ಪುವ ಮೊದಲೇ ಪರದೆ ಹಸಿರಾಗುವಂತೆ ತಿದ್ದಿದ್ದೆ. ಸಂತೆಯ ನಗು ಸಹಿಸಲಾಗದೆ ತಿದ್ದಿದ್ದೆ. ಆ ದಿನ ಒಪ್ಪಿಗೆ ಬಂದದ್ದು ಹನ್ನೊಂದು ನಿಮಿಷದ ನಂತರ, ಅದೂ ಈರಗೊಂಡನೊಬ್ಬನಿಗೆ.

ಗಾಯ ಮಾಯ್ದ ಮೇಲೆ ಗುರುಪಾದಪ್ಪನ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಬೈಯಲಿಲ್ಲ. ಒಗೆದ ಟವೆಲನ್ನು ತೊಡೆಯ ಮೇಲೆ ಹಾಸಿದ.

“ಕೈ ತಾ.”

ಕೊಟ್ಟೆ. ಅಡಿಯಲ್ಲಿ ಏನೋ ನನ್ನ ಅಂಗೈಯನ್ನು ಒತ್ತಿತು.

“ನಾ ಎಷ್ಟಂದೆ ಹೇಳು?”

ಗೊತ್ತಾಗಲಿಲ್ಲ. ಅವನ ಬೆರಳುಗಳನ್ನು ತಡವಿ ನೋಡಿದೆ. ಹೆಬ್ಬೆರಳು ಇತ್ತು, ಕಿರುಬೆರಳು ಇತ್ತು. ಹೋದದ್ದು ಮೂರು.