ಟೆಲಿವಿಷನ್‌ನಲ್ಲಿ ಬಂದ ಗುಂಡುಕಲ್ಲು

ಶನಿವಾರ ಸಂಜೆ ಐದು ಗಂಟೆ. ಕಲ್ಕಟ್ಟೆಪುರದ ಸರ್ಕಾರಿ ಪ್ರಾಥಮಿಕ ಶಾಲೆಯ ಜಗಲಿಯಿಂದ ಟೆಲಿವಿಷನ್ ವಾರ್ತೆ ನೇರ ಪ್ರಸಾರವಾಯಿತು. ಅದು ೧೯೮೮ನೇ ಇಸವಿ. ಅಜ್ಜಂಪುರದ ಆಚೆಗಿರುವ ಆ ಊರಿನಲ್ಲಿ ಒಂದೇ ಒಂದು ಟೆಲಿವಿಷನ್ ಇರಲಿಲ್ಲ.

ಕರಿಬಸಮ್ಮ ವಾರ್ತೆ ನೋಡಲು ಹೋದವಳಲ್ಲ. ಕಾಣೆಯಾದ ತನ್ನ ಗುಂಡುಕಲ್ಲನ್ನು ಹುಡುಕಿಕೊಂಡು ಹೋದವಳು. ಸಾರಿಗೆ ಖಾರ ಅರೆಯಲು ಕುಳಿತರೆ ಒರಳಿನಲ್ಲಿ ಕಲ್ಲೇ ಇರಲಿಲ್ಲ.

"ಭಾಗಮ್ಮಾ, ಗುಂಡುಕಲ್ಲು ಎಲ್ಲೇ?" ಎಂದು ಸೊಸೆಯನ್ನು ಕೇಳಿದಳು.

"ಹುಲಿಗಿ ತಗೊಂಡೋದ್ಲು ಅತ್ತೆ. ಇಸ್ಕೂಲಿಗೆ ಬೇಕಂತೆ."

"ಇಸ್ಕೂಲಲ್ಲಿ ಏನು, ಮೇಷ್ಟ್ರು ಚಟ್ನಿ ಅರೀತಾರಾ?"

ಬೈದುಕೊಳ್ಳುತ್ತಲೇ ಕರಿಬಸಮ್ಮ ಶಾಲೆಯ ದಾರಿ ಹಿಡಿದಳು. ಆದರೆ ಆಕೆಯ ಸಿಟ್ಟು ಕಲ್ಲಿನದಷ್ಟೇ ಅಲ್ಲ. ಮೂರು ದಿನದಿಂದ ಮನೆಯಲ್ಲಿ ಅತ್ತೆ ಸೊಸೆಗೆ ಸರಿಯಾಗಿ ಮಾತಿರಲಿಲ್ಲ. ಸೋಮವಾರ ಊರಿನ ಕೂಸುಗಳಿಗೆ ದಡಾರದ ಲಸಿಕೆ ಹಾಕುವುದಿತ್ತು. ಭಾಗಮ್ಮನ ಗಂಡುಕೂಸಿಗೆ ಹತ್ತು ತಿಂಗಳು. ಪಕ್ಕದ ಊರಿನಲ್ಲಿ ಆಗಲೇ ಎರಡು ಮನೆಗೆ ದಡಾರ ಬಂದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಹಾಕಿಸಬೇಕೆಂದು ಸೊಸೆ, ಕೂಡದೆಂದು ಅತ್ತೆ.

ಅದಕ್ಕೆ ಕಾರಣ ಜವರಯ್ಯ ತಂದ ಸುದ್ದಿ. ವೀಳ್ಯದೆಲೆ ಮಾರುವ ಜವರಯ್ಯ ಬುಧವಾರ ಬೀರೂರಿನಿಂದ ರೈಲಿನಲ್ಲಿ ಬಂದವನು, ಕರಿಬಸಮ್ಮನ ಜಗಲಿಯಲ್ಲಿ ಎಲೆಬುಟ್ಟಿ ಇಳಿಸಿ ತಲೆಯ ಮೇಲೆ ಕೈ ಹೊತ್ತುಕೊಂಡಿದ್ದ.

"ಏನ್ ಹೇಳ್ಲಿ ಅಕ್ಕಾ. ಬೀರೂರಲ್ಲಿ ನೆನ್ನೆ ಮಕ್ಕಳಿಗೆ ಸೂಜಿ ಹಾಕಿದ್ರಂತೆ. ಇವತ್ತು ನೋಡ್ತೀನಿ, ಸ್ಟೇಷನ್ನಲ್ಲಿ ಒಬ್ಬಳು ಹೆಣ್ಮಗಳು ತೊಟ್ಟಿಲು ಇಳಿಸ್ಕೊಂಡು ನಿಂತವ್ಳೆ. ಒಳಗೆ ಕೂಸು. ಮುಖದ ಮೇಲೂ ಬಟ್ಟೆ ಹೊದಿಸವ್ರೆ. ಅಲುಗಾಟ ಇಲ್ಲ ಏನಿಲ್ಲ. ಅವಳು ಸೆರಗಲ್ಲಿ ಕಣ್ಣು ಒರೆಸ್ಕೊತಾನೇ ಅವ್ಳೆ."

ಹಿಂದೆ ಕರಿಬಸಮ್ಮನ ಚೊಚ್ಚಲ ಕೂಸನ್ನೂ ಹೀಗೇ ಬಟ್ಟೆ ಮುಚ್ಚಿ ಎತ್ತಿಕೊಂಡು ಹೋಗಿದ್ದರು. ಅದಕ್ಕೆ ಬಂದದ್ದೂ ದಡಾರವೇ. ಅಮ್ಮ ಬಂದಿದ್ದಾಳೆಂದು ಬೇವು ಕಟ್ಟಿ, ಒಗ್ಗರಣೆ ಬಿಟ್ಟು, ಕಾದು ಕುಳಿತಿದ್ದರು. ಆ ಸಂಕಟ ಗೊತ್ತಿದ್ದವಳಿಗೆ ಇನ್ನೊಬ್ಬ ತಾಯಿಯ ಸಂಕಟ ಸುಳ್ಳೆನಿಸಲಿಲ್ಲ. ಕತ್ತಲಾಗುವುದರೊಳಗೆ ಕೇರಿಯ ಮನೆಮನೆಗೂ ಹೋಗಿ, "ಸೂಜಿ ಹಾಕಿಸ್ಬ್ಯಾಡ್ರೇ, ಬೀರೂರಲ್ಲಿ ಕೂಸು ಹೋಯ್ತು" ಎಂದು ಹೇಳಿಬಂದಳು. ಕೆಟ್ಟ ಮನಸ್ಸಿನಿಂದ ಅಲ್ಲ, ಮಕ್ಕಳು ಉಳಿಯಲಿ ಎಂದೇ ಹೇಳಿದಳು.

ಮರುದಿನ ಆರೋಗ್ಯ ಸಹಾಯಕಿ ಕಾಂತಮ್ಮ ಮನೆಮನೆಗೆ ಬಂದಾಗ ಯಾವ ಮನೆಯವರೂ ಕೂಸಿನ ಹೆಸರು ಬರೆಸಲಿಲ್ಲ.

"ಕರಿಬಸಮ್ಮಾ, ಸತ್ತ ಕೂಸು ಯಾರದು? ತಾಯಿ ಹೆಸರೇನು?" ಎಂದು ಕಾಂತಮ್ಮ ಕೇಳಿದರು.

"ಹೆಸರು ನಂಗ್ಯಾಕವ್ವ? ಜವರಣ್ಣ ಕಣ್ಣಾರೆ ಕಂಡವ್ನೆ."

ಭಾಗಮ್ಮನ ಮಗಳು, ನಾಲ್ಕನೇ ತರಗತಿಯ ಹುಲಿಗೆಮ್ಮ, ಮನೆಯವರ ಬಾಯಲ್ಲಿ ಹುಲಿಗಿ, ಹೊಸಿಲ ಮೇಲೆ ಕುಳಿತು ಇದನ್ನೆಲ್ಲ ಕೇಳಿಸಿಕೊಂಡಳು. ಎದ್ದು ನೇರ ಜವರಯ್ಯನ ಮನೆಗೆ ಹೋದಳು.

"ಜವರಜ್ಜಾ, ಕೂಸಿನ ಮುಖ ನೋಡಿದ್ರಾ?"

"ಬಟ್ಟೆ ಮುಚ್ಚಿತ್ತಲ್ಲ ಮಗಾ."

"ಅವ್ವನ ಮಾತಾಡ್ಸಿದ್ರಾ?"

"ರೈಲು ಹೊಂಟ್‌ಬಿಡ್ತು. ಕಿಟಕೀಲಿ ಕಂಡಿದ್ದು. ಏನೇ ನೀನು, ಪೊಲೀಸ್ನೋರ ಥರ ಕೇಳ್ತೀಯ?"

ಹುಲಿಗಿ ಹೀಗೆ ಕೇಳುವುದಕ್ಕೆ ಶಾಲೆಯ ತಮ್ಮಯ್ಯ ಮೇಷ್ಟ್ರು ಕಾರಣ. ಅವರು ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಟೆಲಿವಿಷನ್ ವಾರ್ತೆ ನೋಡಿ ಬಂದಿದ್ದರು. ಮಕ್ಕಳಿಗೂ ತೋರಿಸಬೇಕೆಂಬ ಆಸೆ. ಪೆಟ್ಟಿಗೆಯೂ ಇಲ್ಲ, ಶಾಲೆಗೆ ಕರೆಂಟೂ ಇಲ್ಲ. ಗೆದ್ದಲು ತಿಂದ ಕರಿಹಲಗೆಯೊಂದು ಮೂಲೆಯಲ್ಲಿತ್ತು. ಹಲಗೆಯನ್ನು ಕಿತ್ತು, ಚೌಕಟ್ಟನ್ನು ಮಾತ್ರ ಉಳಿಸಿಕೊಂಡು, ಜಗಲಿಯ ಎರಡು ಕಂಬಗಳ ನಡುವೆ ಕಟ್ಟಿದರು. ಸುತ್ತ ಗೋಣಿತಾಟು. ಕೆಳಗೆ ಗುಂಡಿಗಳೆಂದು ಎಣ್ಣೆ ಬಾಟಲಿಯ ಎರಡು ಮುಚ್ಚಳ. ಮುಂದೆ ಹಳೆಯ ಸೀರೆಯ ಪರದೆ. ಅಜ್ಜಂಪುರದಿಂದ ಬ್ಯಾಟರಿಯ ಮೈಕ್‌ಸೆಟ್ ತರಿಸಿ, ಹಾರ್ನನ್ನು ಸೂರಿನ ಮೇಲೆ ಕೂರಿಸಿದರು. ಒಳಗೆ ಕುಳಿತು ಓದುವ ಮಗು ಪೆಟ್ಟಿಗೆಯೊಳಗಿದ್ದಂತೆಯೇ ಕಾಣುತ್ತಿತ್ತು.

ಆಟವೆಂದು ನಕ್ಕವರಿದ್ದರು. ಮೇಷ್ಟ್ರು ಆಟದಂತೆ ನಡೆಸಲಿಲ್ಲ. "ಇದು ನೇರ ಪ್ರಸಾರ. ಸ್ಲೇಟಿನ ಮೇಲೆ ತಪ್ಪು ಬರೆದರೆ ಒರೆಸಬಹುದು. ಮೈಕಿನಲ್ಲಿ ಆಡಿದ್ದನ್ನು ಒರೆಸೋ ಬಟ್ಟೆ ಇನ್ನೂ ಯಾವ ಅಂಗಡೀಲೂ ಸಿಗಲ್ಲ. ಕಂಡಿದ್ದು ಹೇಳಿ. ಕಾಣದ್ದನ್ನು, ಯಾರಿಗೆ ಆಯಿತೋ ಅವರನ್ನೇ ಕೇಳಿ ಹೇಳಿ" ಎಂದು ಕಲಿಸಿದ್ದರು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು ಎಂದು ಓದಬೇಕಾದರೂ ಒಬ್ಬ ಹುಡುಗ ಬಾವಿಕಟ್ಟೆಗೆ ಹೋಗಿ ನೋಡಿಕೊಂಡೇ ಬರಬೇಕು.

ಆ ಲೆಕ್ಕದಲ್ಲಿ ಬೀರೂರಿನ ಕೂಸಿನ ಸುದ್ದಿ ಇನ್ನೂ ಸುದ್ದಿಯೇ ಆಗಿರಲಿಲ್ಲ. ಶುಕ್ರವಾರ ಮೇಷ್ಟ್ರು, ಭಾಗಮ್ಮನ ಒಪ್ಪಿಗೆ ಪಡೆದು, ಹುಲಿಗಿಯನ್ನು ಬೀರೂರಿಗೆ ಕರೆದುಕೊಂಡು ಹೋಗಿಬಂದರು.

ಬಂದ ಮೊಮ್ಮಗಳನ್ನು ಕರಿಬಸಮ್ಮ ಕೆದಕಿದಳು. "ಏನಾಯ್ತೇ? ಆ ತಾಯಿ ಸಿಕ್ಕಿದ್ಲಾ?"

"ನಾಳೆ ಐದು ಗಂಟೆಗೆ ವಾರ್ತೆ ಐತೆ ಅಜ್ಜಿ. ಆಗ ಬಾ."

"ನಿನ್ನ ಹೆತ್ತವ್ವಂಗೂ ಹೇಳಾಕಿಲ್ವಾ?"

"ಅವ್ವಂಗೂ ಐದು ಗಂಟೆಗೇ."

ಹೀಗೆ, ಗುಂಡುಕಲ್ಲಿನ ನೆಪದಲ್ಲಿ, ಕರಿಬಸಮ್ಮ ಶನಿವಾರ ಶಾಲೆಯ ಅಂಗಳಕ್ಕೆ ಬಂದಳು. ಊರೇ ನೆರೆದಿತ್ತು. ಭಾಗಮ್ಮ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹಿಂದೆಯೇ ಬಂದು ದೂರ ಕುಳಿತಳು. ಪರದೆ ಸರಿಯಿತು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡ ಹುಲಿಗಿ ಚೌಕಟ್ಟಿನೊಳಗೆ ಕಂಡಳು.

"ನಮಸ್ಕಾರ. ಕಲ್ಕಟ್ಟೆಪುರ ಶಾಲೆಯ ವಾರ್ತೆಗಳು. ಓದುತ್ತಿರುವವರು ಹುಲಿಗೆಮ್ಮ."

ಮೊದಲು ಬಾವಿಯ ಸುದ್ದಿ, ಆಮೇಲೆ ಶಾಲೆಯ ಹೊಸ ಗಂಟೆಯ ಸುದ್ದಿ. ಅದಾದ ಮೇಲೆ ಹುಲಿಗಿ ಬಗ್ಗಿ, ಬಟ್ಟೆ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಮಲಗಿಸಿದಳು.

"ಜವರಯ್ಯನವರೇ, ಎದ್ದು ನಿಂತ್ಕೊಳಿ. ಅಲ್ಲಿಂದ ನೋಡಿದರೆ ಇದು ಏನು?"

ಜವರಯ್ಯ ಕಣ್ಣು ಕಿರಿದು ಮಾಡಿದ. "ಅಯ್ಯೋ, ಕೂಸು ಕಣವ್ವ! ಯಾರ್ದು? ಯಾಕೆ ಅಲುಗ್ತಾ ಇಲ್ಲ? ಮುಖದ ಮೇಲಿನ ಬಟ್ಟೆ ತೆಗೀರೋ, ಉಸಿರು ಕಟ್ಟೀತು!"

ಹುಲಿಗಿ ಬಟ್ಟೆ ಬಿಚ್ಚಿದಳು. ಒಳಗಿದ್ದದ್ದು ಕಪ್ಪಗೆ ಮಿರುಗುವ ಕಲ್ಲು.

"ಲೇ, ಅದು ನಮ್ಮ ಗುಂಡುಕಲ್ಲು!" ಎಂದು ಕರಿಬಸಮ್ಮ ಕೂಗಿದಳು. ಅಂಗಳವೆಲ್ಲ ಗೊಳ್ಳೆಂದಿತು.

ನಗು ಇಳಿಯುವುದರೊಳಗೆ ಚೌಕಟ್ಟಿನೊಳಗೆ ಇನ್ನೊಬ್ಬಳು ಬಂದು ಕುಳಿತಳು. ಹರೆಯದ ಹೆಂಗಸು, ತೊಡೆಯ ಮೇಲೆ ದುಂಡುದುಂಡಾದ ಕೂಸು. ಅದು ಬಂದದ್ದೇ ಮೈಕನ್ನು ಬಾಯಿಗೆ ಹಾಕಿಕೊಂಡಿತು. ಅದರ ಚಪ್ಪರಿಕೆ ಊರಿಗೆಲ್ಲ ಕೇಳಿಸಿತು.

"ನಿಮ್ಮ ಹೆಸರು ಹೇಳಿ" ಎಂದಳು ಹುಲಿಗಿ.

"ಉಚ್ಚಂಗಮ್ಮ. ಬೀರೂರಿನ ರೈಲ್ವೆ ಕ್ವಾರ್ಟರ್ಸ್‌ನೋರು. ನಮ್ಮನೆಯವ್ರು ಗ್ಯಾಂಗ್‌ಮನ್ನು."

"ಬುಧವಾರ ಸ್ಟೇಷನ್ನಲ್ಲಿ ತೊಟ್ಟಿಲು ಇಟ್ಕೊಂಡಿದ್ದು ನೀವೇನಾ?"

"ನಾನೇ. ತರೀಕೆರೇಲಿ ನನ್ನ ತಂಗಿ ಮಗೀಗೆ ಹೆಸರಿಡೋದಿತ್ತು. ನಮ್ಮ ತೊಟ್ಟಿಲು ಕೇಳಿದ್ಲು, ತಗೊಂಡ್ಹೋದೆ. ಇವನಿಗೆ ಹಿಂದಿನ ದಿನ ಸೂಜಿ ಹಾಕ್ಸಿದ್ದೆ, ಅವರಜ್ಜಿ ಹತ್ರ ಮನೇಲಿದ್ದ. ತೊಟ್ಟಿಲಲ್ಲಿ ಇದ್ದಿದ್ದು ಗುಂಡುಕಲ್ಲು."

"ಕಣ್ಣು ಯಾಕೆ ಒರೆಸ್ಕೊತಿದ್ರಿ?"

"ಇಂಜಿನ್ನಿನ ಮಸಿ ಬಿದ್ದಿತ್ತು ಮಗಾ, ಇನ್ನೇನು?"

ಕರಿಬಸಮ್ಮನ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಪಿಸುಗುಟ್ಟಿದಳು. "ತೊಟ್ಟಿಲಲ್ಲಿ ಕಲ್ಲು ಯಾಕಜ್ಜಿ?"

ಕರಿಬಸಮ್ಮನ ಬಾಯಿಂದ ಉತ್ತರ ತಾನಾಗಿ ಬಂತು. "ಬರಿ ತೊಟ್ಟಿಲು ಹೊಸಿಲು ದಾಟಬಾರ್ದು ಕಣೇ. ಕೂಸಿಗಿಂತ ಮುಂಚೆ ಗುಂಡಪ್ಪ ಮಲಗ್ಬೇಕು. ನಾನೇ ಎಷ್ಟು ಸಲ ಸುತ್ತಿ ಕಳಿಸಿಲ್ಲ…" ಹೇಳುತ್ತಿದ್ದವಳು ಅಲ್ಲಿಗೇ ನಿಂತಳು. ಬುಧವಾರ ಇದು ತನಗೆ ಯಾಕೆ ಹೊಳೆಯಲಿಲ್ಲ?

ಹುಲಿಗಿ ಕೈಯಲ್ಲಿದ್ದ ಹಾಳೆ ನೋಡಿದಳು. ಮೇಷ್ಟ್ರ ಮುಖ ನೋಡಿದಳು.

"ಬೀರೂರಿನಲ್ಲಿ ಕೂಸು ಸತ್ತಿದೆ ಎಂಬುದು ಸುಳ್ಳು. ಆ ಸುದ್ದಿ ಊರಿಗೆ ಹಬ್ಬಿದ್ದು ನಮ್ಮ ಮನೆಯ ಜಗಲಿಯಿಂದ. ವಾರ್ತೆ ಓದುತ್ತಿರುವವರೂ ಅದೇ ಮನೆಯವರು."

ಕರಿಬಸಮ್ಮ ಎದ್ದಳು. ಮೊಮ್ಮಗಳಿಗೆ ಏಟು ಬಿತ್ತೆಂದೇ ಎಲ್ಲರೂ ಅಂದುಕೊಂಡರು. ಆಕೆ ಜಗಲಿ ಹತ್ತಿ, ಚೌಕಟ್ಟಿನೊಳಗೆ ಕೈ ತೂರಿಸಿ, ಉಚ್ಚಂಗಮ್ಮನ ಕೂಸಿನ ಅಂಗಾಲು ಹಿಡಿದಳು. ಬೆಚ್ಚಗಿತ್ತು. ಕೂಸು ಒದೆಯಿತು.

"ಸೂಜಿ ಹಾಕಿಸ್ದಾಗ ಏನಾಯ್ತವ್ವ?"

"ಊರು ಒಂದಾಗಂಗೆ ಅತ್ತ ಅಜ್ಜಿ. ಆಮೇಲೆ ಹಾಲು ಕುಡಿದು ಮಲಗ್ದ."

ಪಕ್ಕದಲ್ಲಿ ನಿಂತಿದ್ದ ಕಾಂತಮ್ಮ ಮುಚ್ಚುಮರೆ ಮಾಡಲಿಲ್ಲ. "ವಾರ, ಹತ್ತು ದಿನದಲ್ಲಿ ಕೆಲವು ಕೂಸಿಗೆ ಸ್ವಲ್ಪ ಜ್ವರ ಬರುತ್ತೆ, ಒಂದೆರಡು ದಿನದಲ್ಲಿ ಇಳಿಯುತ್ತೆ. ಇಳೀದಿದ್ರೆ ನನ್ನ ಕರೀರಿ, ಬರ್ತೀನಿ. ದಡಾರದ ಜ್ವರ ಹಂಗಲ್ಲ ಕರಿಬಸಮ್ಮಾ. ನಿಮಗೆ ನಾನು ಹೇಳಬೇಕಿಲ್ಲ."

ಹೇಳಬೇಕಿರಲಿಲ್ಲ. ಕರಿಬಸಮ್ಮ ಕೂಸಿನ ಪಾದ ಬಿಡದೆಯೇ ಮೈಕಿನತ್ತ ಬಗ್ಗಿದಳು. ಅದು ಇನ್ನೂ ಕೂಸಿನ ಜೊಲ್ಲಿನಿಂದ ಒದ್ದೆಯಾಗಿತ್ತು.

"ಸೋಮವಾರ ಎಷ್ಟು ಗಂಟೆಗೆ?"

ಹಾರ್ನಿನಿಂದ ಆ ಮಾತು ಕೆರೆ ಏರಿಯವರೆಗೂ ಹೋಯಿತು. ದೂರ ಕುಳಿತಿದ್ದ ಭಾಗಮ್ಮ ಕೂಸನ್ನು ಎದೆಗೆ ಅವಚಿಕೊಂಡಳು.

"ಹತ್ತು ಗಂಟೆಗೆ, ಇದೇ ಶಾಲೆಯಲ್ಲಿ" ಎಂದು ಓದಿದಳು ಹುಲಿಗಿ. "ಇಲ್ಲಿಗೆ ವಾರ್ತೆಗಳು ಮುಗಿದವು."

"ಮುಗೀತಾ? ಹಂಗಾರೆ ನನ್ನ ಕಲ್ಲು ಕೊಡು, ಸಾರು ಆಗ್ಬೇಕು" ಎಂದಳು ಕರಿಬಸಮ್ಮ.

ಈ ಕಥೆಯನ್ನು ಓದುವ, ಓದಿಸಿ ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಿನ ಜಗಲಿಗೂ ಇಂಥ ಸುದ್ದಿ ಬರುತ್ತದೆ. ಬಂದಾಗ ಹುಲಿಗಿ ಕೇಳಿದ್ದನ್ನೇ ನೀವೂ ಕೇಳಿ: ಮುಖ ನೋಡಿದ್ದೀರಾ? ತಾಯಿಯನ್ನು ಮಾತನಾಡಿಸಿದ್ದೀರಾ? ಅನುಮಾನವಿದ್ದರೆ ಬಚ್ಚಿಟ್ಟುಕೊಳ್ಳಬೇಡಿ, ಆರೋಗ್ಯ ಸಹಾಯಕಿಯ ಮುಂದೆ ಇಡಿ. ಒಂಬತ್ತು ತಿಂಗಳು ತುಂಬಿದ ಕೂಸಿಗೆ ದಡಾರದ ಲಸಿಕೆ ತಪ್ಪಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಕಾಸು ಕೇಳುವುದಿಲ್ಲ.

ಸೋಮವಾರ ಹತ್ತು ಗಂಟೆಗೆ ಮುಂಚೆಯೇ ಕರಿಬಸಮ್ಮ ಮೊಮ್ಮಗನನ್ನು ಎತ್ತಿಕೊಂಡು ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಎಂಟನೆಯ ದಿನ ಕೂಸಿಗೆ ಸ್ವಲ್ಪ ಜ್ವರ ಬಂತು. ಮರುದಿನ ಇಳಿಯಿತು.