ಚೀವರ ಬಿಚ್ಚಿದ ಮೇಲೆ

ಸಂಜೀವ ರಾಯಚೂರಿನ ಒಂದು ಬೌದ್ಧ ವಿಹಾರದಲ್ಲಿ ವರ್ಷಗಟ್ಟಲೆ ಭಿಕ್ಷುವಾಗಿ, ಎಲ್ಲರ ಭಂತೇಜಿಯಾಗಿ ಮೆರೆದವನು. ಅಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದ ದುರ್ಗಾಳ ಜೊತೆಗಿನ ಸಂಬಂಧ ಬಯಲಾದಾಗ ಸಮಿತಿಯವರು ಅವನ ಮೈಮೇಲಿನ ಕಾವಿ ಬಟ್ಟೆ, ಆ ಚೀವರ ಬಿಚ್ಚಿಸಿ, ಪ್ಯಾಂಟು ಶರ್ಟು ಕೊಟ್ಟು ಹೊರಗೆ ಹಾಕಿದರು. ಓಣಿಯ ಮಂದಿ ಬಾಯಿಗೆ ಬಂದಂತೆ ಬೈದದ್ದು ಮಾತ್ರ ಅವಳನ್ನು. ಆಗ ಈ ಮಹಾನುಭಾವ ಅವಳ ಪರವಾಗಿ ತುಟಿ ಬಿಚ್ಚಲಿಲ್ಲ. "ಎಲ್ಲಾ ನನ್ನ ಕರ್ಮ" ಎಂದಷ್ಟೇ ಹೇಳಿ ದೇವದುರ್ಗದ ಬಸ್ಸು ಹತ್ತಿದ.

ದೇವದುರ್ಗದ ಹತ್ತಿರದ ತನ್ನೂರು ಅರಕೇರಾದಲ್ಲಿ ಹೆತ್ತ ತಾಯಿ ಯಮನಮ್ಮ ಹೊಸ್ತಿಲಲ್ಲೇ ತಡೆದಳು.

"ನನ್ನ ಮಗಾ ಅಂತ ನಿನ್ನ ಕಾಲಿಗೆ ಬಿದ್ದಿದ್ದಿಲ್ಲ ನಾ, ಭಂತೇಜಿ ಅಂತ ಬಿದ್ದಿದ್ದೆ. ಮೊದಲು ಆ ಹುಡುಗಿ ಮುಂದ ನಿಂತು ತಪ್ಪಾತು ಅನ್ನು. ಆಮ್ಯಾಲ ಈ ಮನಿಗಿ ಬಾ."

ಹೀಗಾಗಿ ಅವನು ಈಗ ಮಾನ್ವಿಯಲ್ಲಿ, ರಾಯಚೂರು ಬಿಟ್ಟು ಬಂದಿದ್ದ ದುರ್ಗಾಳ ಬಾಡಿಗೆ ಕೋಣೆಯ ಬಾಗಿಲೊಳಗೆ ನಿಂತಿದ್ದ. ಅವಳು ಕೂಡ್ರಿ ಎನ್ನಲಿಲ್ಲ, ನೀರೂ ಕೊಡಲಿಲ್ಲ.

"ಮದುವಿ ಆಗೋಣು, ದುರ್ಗಾ. ನನ್ನ ಪಾಪ ತೊಳದು ಹೋಗ್ತದ."

"ತೊಳಕೊಳ್ಳಾಕ ನಾ ಏನು ಹೊಳಿ ಏನ್ರೀ? ಮಂದಿ ಮುಂದ ನನ್ನ ಕರ್ಮ ಅಂದ್ರಿ. ಆ ಕರ್ಮ ಅಂದ್ರ ನಾನೇ ಏನು?"

ಅವನ ಕಣ್ಣು ಅವಳ ಕೊರಳ ಮೇಲೆ ಹೋಗಿ ನಿಂತಿತು. ಅದಕ್ಕೆ ತನ್ನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಅವಳ ಮೇಲೆ.

ದುರ್ಗಾ ಸರಸರ ಬಂದು ಅವನ ಮುಂದೆ ಬಾಗಿದಳು. ಯಾರಾದರೂ ಬಾಗಿದರೆ ಹರಸಿ ರೂಢಿಯಾದ ಬಲಗೈ ತಾನಾಗಿ ಮೇಲೆದ್ದಿತು. ಸುಖವಾಗಿರು ಎಂಬ ಪಾಲಿ ಮಾತೂ ಬಾಯಿಂದ ಜಾರಿತು.

"ಸುಖೀ ಹೋತು."

ಅವಳು ಬಾಗಿದ್ದು ಅವನು ಪಕ್ಕದಲ್ಲಿ ಬಿಟ್ಟಿದ್ದ ಚಪ್ಪಲಿ ಎತ್ತಲಿಕ್ಕೆ. ಎತ್ತಿ ಬೀದಿಗೆ ಒಗೆದಳು. ತಿರುಗಿ, ಇನ್ನೂ ಗಾಳಿಯಲ್ಲೇ ಇದ್ದ ಆ ಕೈ ನೋಡಿದಳು.

"ಸಮಿತಿಯವ್ರು ಬರೇ ಬಟ್ಟಿ ಕಸಗೊಂಡಾರ," ಎಂದಳು. ಅವನಿಗೆ ಕೊಡುತ್ತಿದ್ದ ಬಹುವಚನ ಅಲ್ಲಿಗೆ ಮುಗಿಯಿತು. "ತಪ್ಪು ಮಾಡಿದಾವ ನೀ. ಬಂದು ನನಗ ಆಶೀರ್ವಾದ ಮಾಡಾಕತ್ತಿ."

ಸಂಜೀವ ಕೈ ಇಳಿಸಿದ. ಧಪ್ಪನೆ ಮೊಣಕಾಲೂರಿ ಅವಳ ಪಾದದ ಕಡೆ ಕೈ ಚಾಚಿದ. ಬೆರಳು ಇನ್ನೂ ತಾಗಿರಲಿಲ್ಲ, ಅಷ್ಟರಲ್ಲೇ ಎದೆ ಹಳೆಯ ಆಸೆಯಿಂದ ಹೊಡೆದುಕೊಳ್ಳತೊಡಗಿತು. ಬಾಗಿದ್ದು ಕ್ಷಮೆ ಕೇಳಲಿಕ್ಕೋ, ಮುಟ್ಟಲಿಕ್ಕೋ ಅವನಿಗೇ ತಿಳಿಯಲಿಲ್ಲ.

ಅವಳಿಗೆ ತಿಳಿಯಿತು. ಕಾಲು ಹಿಂದಕ್ಕೆ ಎಳೆದುಕೊಂಡಳು.

"ಏಳು. ಹೊರಗ ನಡಿ."

ಅವನು ಬರಿಗಾಲಲ್ಲಿ ಬೀದಿಗಿಳಿದ. ಹಿಂದೆ ಕದ ಮುಚ್ಚಿತು, ಚಿಲಕ ಬಿತ್ತು. ತಪ್ಪಾಯಿತು ಎಂಬ ಮಾತನ್ನು ಅವನು ಇನ್ನೂ ಆಡಿರಲೇ ಇಲ್ಲ.